ತಾಳೆಗರಿ ಮುಟ್ಟಿದ ಎಂಟು ಉಂಗುರ

ಮಾರ್ಚ್ ನಾಲ್ಕು, ಮಂಗಳವಾರ. ಬೆಳಿಗ್ಗೆ ಹತ್ತೂವರೆಗೆ ಮೊದಲ ಉಂಗುರ ನನ್ನ ಮೇಜಿಗೆ ಬಂತು. ಹತ್ತು ಐವತ್ತಕ್ಕೆ ಅದಕ್ಕೆ ತಿರಸ್ಕಾರದ ಕೆಂಪು ಚೀಟಿ ಕಟ್ಟಿದೆ. ಹನ್ನೊಂದು ಗಂಟೆಗೆ ಟೀ ಬರುವ ಹೊತ್ತಿಗೆ ಮೇಸ್ತ್ರಿಯೂ ನಾನೂ ಶತ್ರುಗಳಾಗಿದ್ದೆವು. ನಾನು ದಿನಚರಿಯಲ್ಲಿ ಗಂಟೆ, ನಿಮಿಷ ಬರೆಯುವವಳು. ಹಾಗಾಗಿ ಆ ಜಗಳದಲ್ಲಿ ಚುಚ್ಚುಮಾತು ಆಡಿದ್ದು ಯಾರು ಎಂಬುದನ್ನು ಮರೆತೆನೆಂದು ಈಗ ಹೇಳಲು ಆಗುವುದಿಲ್ಲ.

ಬಿಡದಿಯ ಕೈಗಾರಿಕಾ ಪ್ರದೇಶದ ಹಿಂದಿನ ರಸ್ತೆಯಲ್ಲಿ ಒಂದು ಸಣ್ಣ ವರ್ಕ್‌ಶಾಪ್. ಏಳು ಯಂತ್ರ, ಹತ್ತು ಗಂಡಸರು, ಮತ್ತು ನಾನು. ಅವರು ಮಾಡಿದ್ದನ್ನು ಅಳೆದು ಸರಿ ಇದೆ, ಇಲ್ಲ ಎಂದು ಬರೆಯುವುದು ನನ್ನ ಕೆಲಸ. ಡಿಪ್ಲೊಮಾ ಮುಗಿಸಿ ಅಲ್ಲಿ ಸೇರಿ ಆಗ ಹದಿನಾಲ್ಕು ತಿಂಗಳಾಗಿತ್ತು. ನಮ್ಮೂರು ಕಲ್ಯದಿಂದ ಮಾಗಡಿಗೆ ಒಂದು ಬಸ್ಸು, ಮಾಗಡಿಯಿಂದ ಬಿಡದಿಗೆ ಇನ್ನೊಂದು. ನಮ್ಮ ಕಸುಬು ಕಾರಿನ ಬಿಡಿಭಾಗ. ಆ ವರ್ಷ ಮಾತ್ರ ರಾಕೆಟ್ಟಿನ ಕೆಲಸವೊಂದು ಬಂತು. ಮನುಷ್ಯರನ್ನು ಚಂದ್ರನವರೆಗೆ, ಮುಂದೆ ಅದರಾಚೆಗೂ ಹೊತ್ತೊಯ್ಯಬೇಕಾದ ಭಾರಿ ರಾಕೆಟ್ಟು ಅದು. ರಾಕೆಟ್ಟು ಇನ್ನೂ ಕಾಗದದ ಮೇಲೆಯೇ ಇತ್ತು. ಅದರ ಎಂಜಿನ್ನನ್ನು ನೆಲದ ಮೇಲೆ ಕಟ್ಟಿಹಾಕಿ ಉರಿಸಿ ನೋಡುವ ಪರೀಕ್ಷೆಗೆ, ದ್ರವ ಆಮ್ಲಜನಕ ಹರಿಯುವ ಕೊಳವೆಗಳನ್ನು ಜೋಡಿಸಲು ಸ್ಟೀಲಿನ ಉಂಗುರಗಳು ಬೇಕಿದ್ದವು. ರಾಕೆಟ್ಟು ಕಟ್ಟುವವರಿಗೂ ನಮಗೂ ನಡುವೆ ಇನ್ನೂ ಎರಡು ಕಂಪನಿಗಳಿದ್ದವು. ನಮ್ಮ ಪಾಲಿಗೆ ಬಂದದ್ದು ಎಂಟು ಉಂಗುರ. ಒಂದೊಂದೂ ರೊಟ್ಟಿ ಹೆಂಚಿನಷ್ಟು ಅಗಲ. ಲೋಹವನ್ನು ತಿರುಗಿಸಿ ಕಡೆಯುವ ನಮ್ಮ ಕಂಪ್ಯೂಟರ್ ಲೇತಿನ ಹಿಡಿತಕ್ಕೆ ಅಷ್ಟು ಅಗಲ ಸಿಕ್ಕುತ್ತಿರಲಿಲ್ಲ. ಹಾಗಾಗಿ ಕಡೆಯ ಕೆಲಸ ಮೂಲೆಯಲ್ಲಿದ್ದ ಹಳೆಯ ದೊಡ್ಡ ಲೇತಿಗೆ, ಎಂದರೆ ಮೇಸ್ತ್ರಿಯ ಕೈಗೆ ಹೋಯಿತು.

ಮೇಸ್ತ್ರಿ ಚನ್ನಪಟ್ಟಣದವರು. ವಯಸ್ಸು ಐವತ್ತೆಂಟು. ಅವರ ಮನೆಯಲ್ಲಿ ಮೂರು ತಲೆಮಾರಿನಿಂದ ಮರದ ಬೊಂಬೆ ಕಡೆಯುತ್ತಾರೆ, ಅಣ್ಣತಮ್ಮಂದಿರು ಈಗಲೂ ಅದೇ ಕೆಲಸ. ಇವರೊಬ್ಬರೇ ಕಬ್ಬಿಣಕ್ಕೆ ಬಂದವರು. ತಿರುಗುವ ಬೊಂಬೆಗೆ ಬಣ್ಣದ ಅರಗು ಹತ್ತಿಸಿದ ಮೇಲೆ ಅವರ ಮನೆಯಲ್ಲಿ ಒಣಗಿದ ತಾಳೆಗರಿ ಒತ್ತಿ ಹಿಡಿದು ಹೊಳಪು ಬರಿಸುತ್ತಾರಂತೆ. ಅಂಥದ್ದೊಂದು ಗರಿಯ ತುಂಡು ಮೇಸ್ತ್ರಿಯ ಅಂಗಿ ಜೇಬಿನಲ್ಲಿ ಯಾವಾಗಲೂ ಇರುತ್ತಿತ್ತು. ಕಾರಿನ ಬುಷ್ ಎಂಬ ಬಳೆಯಾಗಲಿ, ಪಿನ್ ಆಗಲಿ, ಲೇತಿನಿಂದ ಇಳಿಸುವ ಮೊದಲು ಅದಕ್ಕೊಮ್ಮೆ ಗರಿ ಒತ್ತುತ್ತಿದ್ದರು. ಕಾರಿನ ಕೆಲಸಕ್ಕೆ ಅದರಿಂದ ತೊಂದರೆಯೇನೂ ಇರಲಿಲ್ಲ. ನಾನೂ ಕೇಳಿದವಳಲ್ಲ.

ಈ ಉಂಗುರದ ಕಥೆ ಬೇರೆ. ಅದರ ಒಂದು ಮುಖದ ಮೇಲೆ ಸಣ್ಣ ಸಣ್ಣ ಸುತ್ತುಗೆರೆ ಉಳಿದಿರಬೇಕು. ಆ ಮುಖದ ಮೇಲೆ ತೆಳುವಾದ ಲೋಹದ ವಾಷರ್ ಕೂರುತ್ತದೆ. ಬೋಲ್ಟು ಬಿಗಿದಾಗ ವಾಷರ್ ಆ ಗೆರೆಗಳನ್ನು ಕಚ್ಚಿಕೊಳ್ಳಬೇಕು. ಗೆರೆ ಆಳವಾದರೆ ಸೋರುತ್ತದೆ. ಗೆರೆಯೇ ಇಲ್ಲದಿದ್ದರೆ ವಾಷರ್ ಜಾರುತ್ತದೆ. ಅದಕ್ಕೇ ಡ್ರಾಯಿಂಗಿನಲ್ಲಿ ಒರಟುತನಕ್ಕೆ ಮೇಲಿನ ಮಿತಿಯ ಜೊತೆ ಕೆಳಗಿನ ಮಿತಿಯೂ ಇತ್ತು. ಕಾರಿನ ಕೆಲಸದಲ್ಲಿ ಕೆಳಗಿನ ಮಿತಿ ಎಂಬುದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಮೇಸ್ತ್ರಿ ಮೊದಲ ಉಂಗುರದ ಮುಖವನ್ನು ಎಮರಿ ಉಜ್ಜುಕಾಗದದಲ್ಲಿ ತಿಕ್ಕಿ, ಮೇಲೆ ಗರಿ ಒತ್ತಿ ಕಳಿಸಿದ್ದರು. ಅದರಲ್ಲಿ ಮುಖ ನೋಡಿಕೊಂಡು ಹಣೆಗೆ ಬೊಟ್ಟು ಇಟ್ಟುಕೊಳ್ಳಬಹುದಾಗಿತ್ತು. ಒರಟುತನ ಅಳೆಯುವ ಯಂತ್ರದ ಮುಳ್ಳನ್ನು ಐದು ಕಡೆ ಓಡಿಸಿದೆ. ಐದೂ ಕಡೆ ಕೆಳಗಿನ ಮಿತಿಗಿಂತ ಕಡಿಮೆ.

ಕೆಂಪು ಚೀಟಿ ನೋಡಿ ಅವರೇ ನನ್ನ ಮೇಜಿಗೆ ಬಂದರು.

"ಏನಾಯ್ತವ್ವ ಇದ್ಕೆ?"

"ರಿಜೆಕ್ಟ್ ಆಗೈತೆ ಮೇಸ್ತ್ರಿ. ನುಣುಪು ಜಾಸ್ತಿ."

ಅವರು ಪಕ್ಕದ ಮಿಲ್ಲಿಂಗ್ ಯಂತ್ರದವನ ಕಡೆ ತಿರುಗಿದರು. "ಕೇಳ್ದೇನ್ಲಾ? ನುಣುಪು ಜಾಸ್ತಿಯಂತೆ. ನೀನೂ ಹೆಣ್ಣು ನೋಡಕ್ಕೋದಾಗ ಹೇಳ್ಬುಡು, ಚೆಂದ ಜಾಸ್ತಿ ಆಯ್ತು, ಬ್ಯಾಡ ಅಂತ."

"ಆ ಪುಣ್ಯ ನಂಗೆಲ್ಲೈತೆ ಮೇಸ್ತ್ರಿ," ಅಂದ ಅವನು. ನಾಲ್ಕೈದು ಜನ ನಕ್ಕರು.

ಅಲ್ಲಿಗೆ ಮುಗಿಸಬಹುದಿತ್ತು. ಡ್ರಾಯಿಂಗ್ ತೆಗೆದು, ಗೆರೆ ಯಾಕೆ ಬೇಕು ಎಂದು ವಿವರಿಸಬಹುದಿತ್ತು. ಆದರೆ ಅವರೆಲ್ಲ ನಕ್ಕದ್ದು ನನಗೆ ಉರಿಯಿತು.

"ಡ್ರಾಯಿಂಗಲ್ಲಿ ಬರ್ದೈತೆ," ಅಂದೆ, ಎಲ್ಲರಿಗೂ ಕೇಳಿಸುವಂತೆ. "ಓದ್ಕಂಡು ಮಾಡ್ಬೇಕು. ಇದು ನಿಮ್ಮೂರ ಬೊಂಬೆ ಅಲ್ಲ."

ನಗು ನಿಂತಿತು. ಮೇಸ್ತ್ರಿ ಉಂಗುರವನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. "ಆಯ್ತು ತಾಯಿ," ಎಂದು ಹೋದರು. ಆಮೇಲೆ ಹತ್ತೊಂಬತ್ತು ಕೆಲಸದ ದಿನ ಅವರು ನನ್ನೊಡನೆ ಒಂದು ಮಾತೂ ಆಡಲಿಲ್ಲ.

ಅವರು ಆಡದಿದ್ದ ಮೇಲೆ ಉಳಿದವರೂ ಆಡಲಿಲ್ಲ. ಟೀ ತರುವವನು ಹನ್ನೊಂದು ಲೋಟ ತರುತ್ತಿದ್ದ. ಹತ್ತು ಲೋಟ ಹತ್ತು ಜನಕ್ಕೆ, ಹನ್ನೊಂದನೆಯದನ್ನು ಮೇಸ್ತ್ರಿ ತಮ್ಮ ಲೇತಿನ ತಲೆಯ ಮೇಲೆ ಇಟ್ಟುಕೊಂಡು ಕುಡಿಯದೆ ಆರಲು ಬಿಡುತ್ತಿದ್ದರು. ಬೇಕಾದರೆ ನಾನು ಹೋಗಿ ಕೇಳಬೇಕು. ನಾನು ಕೇಳಲಿಲ್ಲ. ನನಗೆ ಟೀ ಇಲ್ಲದ ದಿನ ಹತ್ತೊಂಬತ್ತು. ಅಳತೆಗೆ ಬರುವ ಭಾಗಗಳು ಕೂಲಂಟ್ ಎಣ್ಣೆನೀರು ಸೋರಿಸುತ್ತ ನನ್ನ ಕಾಗದಗಳ ಮೇಲೆಯೇ ಬಂದು ಕೂತದ್ದು ಏಳು ಸಲ. ನನ್ನ ಕಡೆ ತಿರುಗಿದ್ದ ಫ್ಯಾನು ಗೋಡೆಯ ಕಡೆ ತಿರುಗಿದ್ದು ಲೆಕ್ಕವಿಲ್ಲ. ಒಂದು ವಾರವಾದ ಮೇಲೆ ಎಣಿಸುವುದನ್ನು ಬಿಟ್ಟೆ. ಮಾರ್ಚ್ ತಿಂಗಳ ಆ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗೆ ಕೂತು ಬೆವರುತ್ತ ನಾನೂ ಸುಮ್ಮನಿರಲಿಲ್ಲ. ಮೊದಲು ಬಾಯಲ್ಲಿ ಹೇಳಿ ಸರಿಮಾಡಿಸುತ್ತಿದ್ದ ಸಣ್ಣ ಗೀರುಗಳಿಗೂ ಕೆಂಪು ಚೀಟಿ ಕಟ್ಟತೊಡಗಿದೆ. ಫೆಬ್ರವರಿಯಲ್ಲಿ ನಾನು ಬರೆದ ಕೆಂಪು ಚೀಟಿ ನಾಲ್ಕು. ಮಾರ್ಚಿನಲ್ಲಿ ಇಪ್ಪತ್ತಾರು. ಅವುಗಳಲ್ಲಿ ನಿಜವಾಗಿ ಬೇಕಿದ್ದವು ಒಂಬತ್ತೋ ಹತ್ತೋ. ಮಿಕ್ಕವನ್ನು ಬರೆದದ್ದು ಸಂತೋಷಕ್ಕೆ.

ಉಂಗುರದ ಕೆಲಸ ಮಾತ್ರ ನಡೆಯುತ್ತಿತ್ತು. ದಪ್ಪದಲ್ಲಿ ಒಂದು ತೆಳುಪದರ ತೆಗೆಯುವಷ್ಟು ಅವಕಾಶವಿತ್ತು. ಮೇಸ್ತ್ರಿ ಮೊದಲ ಉಂಗುರವನ್ನು ಮತ್ತೆ ಏರಿಸಿ ಗೆರೆ ಬಿಡಿಸಿದರು. ಈ ಸಲ ಅಳತೆ ಸರಿಯಾಗಿ ಮಿತಿಯ ನಡುವೆ. ಎರಡನೆಯದು, ಮೂರನೆಯದು, ಎಲ್ಲವೂ ನಡುವೆಯೇ. ಗೆರೆಗಳು ತೇಗದ ಹಲಗೆಯ ಮೇಲಿನ ಗೆರೆಗಳಷ್ಟು ಸಮ. ತಪ್ಪು ಹುಡುಕಿದೆ. ಸಿಗಲಿಲ್ಲ. ಹಸಿರು ಚೀಟಿ ಕಟ್ಟಿ ಅವರ ಲೇತಿನ ಪಕ್ಕದ ಹಲಗೆಯ ಮೇಲಿಟ್ಟು ಬಂದೆ.

ಒಂದೊಂದು ಉಂಗುರದ ಜೊತೆಗೂ ಒಂದು ಕಾರ್ಡು ಇರುತ್ತಿತ್ತು. ಯಾವ ಉಕ್ಕು, ಯಾವ ದಿನ, ಯಾವ ಯಂತ್ರ, ಯಾರ ಕೈ. ಕೊನೆಯ ಸಾಲಿನಲ್ಲಿ ಮೇಸ್ತ್ರಿಯ ಹೆಸರು. ಅದನ್ನು ಅವರು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡಿದ್ದಾರೆ ಎಂದು ಮಿಲ್ಲಿಂಗ್ ಯಂತ್ರದವನು ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಹೇಳಿದ. ಒಳಗೆ ಮಾತಾಡದವನು ಹೊರಗೆ ಮಾತಾಡಿದ.

"ಬೆಳಿಗ್ಗೆ ಟ್ರೈನಲ್ಲಿ ಎಲ್ರಿಗೂ ತೋರಿಸ್ಕಂಡ್ ಬತ್ತಾರೆ ಕಣಕ್ಕ. ಮನುಸ್ರು ಕೂತ್ಕಂಡೋಗೋ ರಾಕೆಟ್ಟು, ಅದ್ರಲ್ಲಿ ನನ್ ಹೆಸ್ರೈತೆ ಅಂತ. ಚನ್ನಪಟ್ಣದಿಂದ ಬಿಡದಿಗಂಟ ಅದೇ ಮಾತು. ನೀನು ಆ ಹೆಸ್ರಿಗೆ ಕೈ ಇಡ್ಬ್ಯಾಡ. ಮಿಕ್ಕಿದ್ರಲ್ಲಿ ಏನಾರ ಮಾಡ್ಕೊ."

"ನಾನ್ಯಾಕೆ ಇಡ್ಲಿ? ಸರಿಯಾಗಿ ಮಾಡಿದ್ರೆ ಆಯ್ತು."

"ನೋಡು, ಹಿಂಗಂತೀಯಲ್ಲ, ಅದ್ಕೇ ನಿಂಗೆ ಟೀ ಸಿಕ್ಕಾಕಿಲ್ಲ," ಎಂದು ಹೇಳಿ ಬಸ್ಸು ಹತ್ತಿದ.

ನಿಯಮ ನನಗೆ ಗೊತ್ತಿತ್ತು, ಮೇಸ್ತ್ರಿಗೂ ಗೊತ್ತಿತ್ತು. ವಿಧಾನ ಮೀರಿದರು ಎಂದು ಯಾರ ಮೇಲಾದರೂ ಬರೆದರೆ ಆ ಹೆಸರನ್ನು ಕಾರ್ಡಿನಿಂದ ತೆಗೆಯುತ್ತಾರೆ. ಆಮೇಲೆ ಅವರು ಆ ಉಂಗುರವನ್ನು ಮುಟ್ಟುವಂತಿಲ್ಲ.

ಮಾರ್ಚ್ ಇಪ್ಪತ್ತೇಳು, ಗುರುವಾರ. ಮಾರನೆಯ ದಿನ ಗ್ರಾಹಕರ ಕಡೆಯ ಇನ್‌ಸ್ಪೆಕ್ಟರ್ ಬರುವವರಿದ್ದರು. ಎಂಟೂ ಉಂಗುರಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಕೊನೆಯ ಪರೀಕ್ಷೆ ಮಾಡುತ್ತಿದ್ದೆ. ಬಿಳಿ ಬಟ್ಟೆಗೆ ದ್ರಾವಕ ಹಾಕಿ ಒರೆಸಿದರೆ ಬಟ್ಟೆ ಬಿಳಿಯಾಗಿಯೇ ಉಳಿಯಬೇಕು. ಆಮ್ಲಜನಕ ಹರಿಯುವ ದಾರಿಯಲ್ಲಿ ಎಣ್ಣೆ, ಮೇಣ, ಬೆರಳಿನ ಜಿಡ್ಡು ಯಾವುದೂ ಇರಬಾರದೆಂದು ಪಟ್ಟಿಯ ಮೊದಲ ಸಾಲಿನಲ್ಲೇ ಇತ್ತು. ಗೆರೆಯ ಮುಖ ಒರೆಸಿದೆ. ಬಿಳಿ. ಒಳಸುತ್ತು ಒರೆಸಿದೆ. ಬಟ್ಟೆಯ ಮೇಲೆ ತೆಳುವಾದ ಕೆಂಪು ಗೆರೆ ಬಂತು, ಕುಂಕುಮದ ಕೈ ಒರೆಸಿದಷ್ಟು. ಎಂಟಕ್ಕೂ ಹಾಗೆಯೇ.

ಅದು ಅರಗಿನ ಬಣ್ಣ. ಮನೆಯ ಬೊಂಬೆ ಲೇತಿನಲ್ಲಿ ಬಳಸಿದ ಗರಿಯನ್ನೇ ಅವರು ಜೇಬಿನಲ್ಲಿ ತಂದಿದ್ದರು. ಮುಖಕ್ಕೆ ಒತ್ತಬಾರದೆಂದು ತಿಳಿದ ಮೇಲೆ, ಡ್ರಾಯಿಂಗಿನಲ್ಲಿ ನುಣುಪಿನ ಬಗ್ಗೆ ಏನೂ ಹೇಳದ ಒಳ ಅಂಚಿಗೆ ಒತ್ತಿದ್ದರು.

ಮಾಲೀಕರನ್ನು ಕರೆದು ಬಟ್ಟೆ ತೋರಿಸಿದೆ. ಅವರು ಕನ್ನಡಕ ಎತ್ತಿ ನೋಡಿದರು.

"ತೊಳುದ್ರೆ ಹೋಗಲ್ವ?"

"ಹೋಗ್ತದೆ ಸಾರ್. ಆದ್ರೆ ಬರೀಬೇಕು."

"ತೊಳ್ದು, ಇನ್ನೊಂದ್ಸಲ ಒರ್ಸಿ, ಬಿಳಿ ಬಂತು ಅಂತ ಬರಿ. ಸುಳ್ಳಲ್ಲವಲ್ಲ ಅದು. ಕೆಂಪಗಿತ್ತು ಅಂತ ಯಾಕ್ ಬರೀತೀಯ? ಆವಯ್ಯನ ಹೆಸ್ರು ಹೋಯ್ತದೆ ಕಣಮ್ಮ."

ಅವರು ಹೋದರು. ಹತ್ತು ನಿಮಿಷಕ್ಕೆ ಮೇಸ್ತ್ರಿ ಬಂದರು. ಹತ್ತೊಂಬತ್ತು ದಿನದ ಮೇಲೆ ಮೊದಲ ಮಾತು.

"ಬರೀತೀಯಂತೆ."

"ಹೂಂ."

"ಬರಿ. ಯಾರೂ ಕಾಲಿಗ್ ಬೀಳಕ್ ಬಂದಿಲ್ಲ."

"ಮುಖಕ್ಕೆ ಬ್ಯಾಡ ಅಂದ ಮೇಲೂ ಅಂಚಿಗೆ ಯಾಕೆ ಒತ್ತಿದ್ರಿ?"

ಅವರು ಒಂದು ಉಂಗುರ ಎತ್ತಿಕೊಂಡರು. ಕೈಗವಸು ಇರಲಿಲ್ಲ. ಅಂಚನ್ನು ಕೆನ್ನೆಗೆ ಒತ್ತಿ ಅರ್ಧ ಸುತ್ತು ತಿರುಗಿಸಿದರು. "ನಮ್ಮಪ್ಪ ಬೊಂಬೆನ ಹಿಂಗೆ ನೋಡೋರು. ಮಗ ಬಾಯಿಗ್ ಹಾಕ್ಕತದೆ, ತುಟಿ ಸೀಳಬಾರ್ದು ಅಂತ. ಲೇತಿಂದ ಇಳ್ಸಿದ್ದು ಕೆನ್ನೆಗೆ ಚುಚ್ಬಾರ್ದು. ಇದ್ರಲ್ಲೂ ಮನುಸ್ರು ಕೂರ್ತಾರೆ ಅಂತಾನೇ ಹೇಳಿದ್ರಲ್ಲ ನೀವೆಲ್ಲ."

"ಮನುಷ್ಯರು ಇದನ್ನ ಬಾಯಿಗೆ ಹಾಕ್ಕೊಳಲ್ಲ ಮೇಸ್ತ್ರಿ. ಇದ್ರಲ್ಲಿ ಆಕ್ಸಿಜನ್ ಹೋಗ್ತದೆ. ಈಗ ನಿಮ್ ಕೆನ್ನೆ ಜಿಡ್ಡೂ ಹತ್ತಿತು. ಅದನ್ನೂ ಬರೀಬೇಕು."

"ಬರ್ಕೊ. ಕೆನ್ನೆಲಿ ಬೆವ್ರಿತ್ತು ಅಂತ್ಲೂ ಬರ್ಕೊ. ಫ್ಯಾನ್ ಗೋಡೆ ಕಡೆ ತಿರ್ಗೈತೆ." ಉಂಗುರವನ್ನು ಇಟ್ಟು ಹೋದರು.

ಬರೆದೆ. ನಿಯಮಕ್ಕಾಗಿ ಎಷ್ಟು ಬರೆದೆ, ಹತ್ತೊಂಬತ್ತು ಲೋಟ ಟೀಗಾಗಿ ಎಷ್ಟು ಬರೆದೆ ಎಂಬುದನ್ನು ಆವತ್ತಿನ ದಿನಚರಿಯಲ್ಲಿ ಬಿಡಿಸಿಡಲು ನೋಡಿದ್ದೇನೆ. ಎರಡು ಸಾಲು ಬರೆದು ಹೊಡೆದುಹಾಕಿದ್ದೇನೆ. ನಿಯಮ ಅಷ್ಟೂ ನನ್ನ ಕಡೆಗಿತ್ತು. ಕೋಪವೂ ನನ್ನ ಕಡೆಗೇ ಇತ್ತು.

ಶುಕ್ರವಾರ ಇನ್‌ಸ್ಪೆಕ್ಟರ್ ಬಂದರು. ಮಾಲೀಕರು ತರಿಸಿಟ್ಟಿದ್ದ ತಟ್ಟೆ ಇಡ್ಲಿಯನ್ನು ಮುಟ್ಟದೆ ಮೊದಲು ನನ್ನ ವರದಿ ಓದಿದರು. ಎಂಟು ಉಂಗುರಗಳನ್ನು ಅವರದೇ ತೊಳೆಯುವ ಘಟಕಕ್ಕೆ ಕಳಿಸಿ, ಮತ್ತೆ ಪರೀಕ್ಷಿಸಿ, ಆಮೇಲೆ ತೀರ್ಮಾನ ಎಂದರು. ಮುಂದಿನ ಸರದಿಯ ಕಾರ್ಡಿನಲ್ಲಿ ಮೇಸ್ತ್ರಿಯ ಹೆಸರಿನ ಮೇಲೆ ಒಂದು ಗೆರೆ ಎಳೆದರು. ಮೇಸ್ತ್ರಿ ತಮ್ಮ ಲೇತಿನ ಬಳಿ ನಿಂತು ಉಂಗುರ ಹಿಡಿಯುವ ಚಕ್ಕಿನ ಹಲ್ಲುಗಳನ್ನು ಬಟ್ಟೆಯಲ್ಲಿ ಒರೆಸುತ್ತಿದ್ದರು. ಯಾರೂ ಅವರಿಗೆ ಹೇಳಬೇಕಾಗಲಿಲ್ಲ.

ಯುಗಾದಿ ಕಳೆದು, ಮಾರನೆಯ ದಿನ ಹೊಸತೊಡಕಿನ ಬಾಡೂಟ ಉಂಡು ಬಂದ ಮೇಲೆ ದೊಡ್ಡ ಲೇತಿಗೆ ಇನ್ನೊಬ್ಬನನ್ನು ಹಾಕಿದರು. ಕನಕಪುರದವನು, ಒಳ್ಳೆಯ ಕೆಲಸಗಾರ, ಡ್ರಾಯಿಂಗನ್ನು ಅಕ್ಷರಕ್ಕಕ್ಷರ ಓದುವವನು. ಎರಡನೆಯ ಸರದಿ ಹನ್ನೆರಡು ಉಂಗುರ. ಗೆರೆಯ ಮುಖ ಹನ್ನೆರಡೂ ಸರಿ. ಒಳ ಅಂಚಿನಲ್ಲಿ ಮಾತ್ರ ಕೂದಲಿನಷ್ಟು ಸಣ್ಣ ಲೋಹದ ಮುಳ್ಳುಗಳು ಉಳಿಯುತ್ತಿದ್ದವು. ಮುಳ್ಳು ಮುರಿದು ಆಮ್ಲಜನಕದ ಜೊತೆ ಹರಿದರೆ ಅದೂ ಅಪಾಯವೇ. ಹನ್ನೆರಡಕ್ಕೆ ಐದು ತಿರಸ್ಕೃತ. ತೊಳೆದ ಮೇಲೆ ಪಾಸಾಗಿದ್ದ ಮೊದಲ ಎಂಟರಲ್ಲಿ ಅಂಥ ಮುಳ್ಳು ಒಂದೂ ಇರಲಿಲ್ಲ ಎಂಬುದು ನನ್ನದೇ ಪಟ್ಟಿಯಲ್ಲಿತ್ತು.

ಮಾಲೀಕರು ಆ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ಮೇಸ್ತ್ರಿಯನ್ನು ಕರೆದು, ಕನಕಪುರದವನಿಗೆ ಅಂಚು ತೆಗೆಯುವುದನ್ನು ಒಸಿ ತೋರಿಸಿ ಎಂದರು.

"ನಾನು ಆ ಉಂಗ್ರ ಮುಟ್ಟಂಗಿಲ್ಲ ಅಂತ ಬರ್ಸಿರೋದು ಅವ್ರು," ಮೇಸ್ತ್ರಿ ನನ್ನ ಕಡೆ ಗದ್ದ ಎತ್ತಿ ತೋರಿಸಿದರು. "ಮುಟ್ದಂಗೆ ಹೆಂಗ್ ತೋರ್ಸಾದು ಸಾಮಿ? ಕತೆ ಹೇಳ್ಲಾ?"

ಹೆಸರು ಮತ್ತೆ ಕಾರ್ಡಿಗೆ ಬರಲು ದಾರಿ ಒಂದೇ ಇತ್ತು. ಅವರಿಗೆ ಒಂದು ಗಂಟೆ ತರಬೇತಿ ಕೊಟ್ಟು, ಕೊಟ್ಟವರೂ ಪಡೆದವರೂ ಸಹಿ ಹಾಕಿದ ಕಾಗದವನ್ನು ಗ್ರಾಹಕರಿಗೆ ಕಳಿಸಬೇಕು. ಕೊಡಬೇಕಾದವಳು ನಾನು.

ಏಪ್ರಿಲ್ ಇಪ್ಪತ್ತೆರಡು, ಮಂಗಳವಾರ, ಮಧ್ಯಾಹ್ನ ಮೂರು. ಮಾಲೀಕರ ಕೋಣೆಯಲ್ಲಿ ಎದುರುಬದುರು ಕೂತೆವು. ಅವರು ಕೈ ಕಟ್ಟಿ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ನಾನು ಪಟ್ಟಿಯ ಹದಿನೇಳು ಅಂಶಗಳನ್ನು ಒಂದೊಂದಾಗಿ ಓದಿದೆ. ಕೈಗವಸು ಹಾಕುವುದು. ಅನುಮತಿ ಇಲ್ಲದ ವಸ್ತು ತಾಗಿಸದಿರುವುದು. ಜಿಡ್ಡು ಇರಬಾರದು, ಇದ್ದರೆ ಬೆಂಕಿ. ನಡುವೆ ಅವರು ಎರಡು ಸಲ ಆಕಳಿಸಿದರು. ಮೂರು ಐವತ್ತಕ್ಕೆ ಪಟ್ಟಿ ಮುಗಿಯಿತು. ಕಾಗದವನ್ನೂ ಪೆನ್ನನ್ನೂ ಅವರ ಕಡೆ ತಳ್ಳಿದೆ.

"ಒಂದ್ ಮಾತು," ಅಂದರು. "ಆ ಆಕ್ಸಿಜನ್ನು ನೀರಿನಂಗೆ ಇರ್ತದೆ, ಮಂಜಿಗಿಂತ ತಣ್ಣಗಿರ್ತದೆ ಅಂತ ನೀನೇ ಓದ್ದೆ. ಅಷ್ಟು ತಣ್ಣಗಿರೋದ್ರಲ್ಲಿ ಬೆಂಕಿ ಹೆಂಗ್ ಹತ್ಕತದೆ?"

ನಾನು ಪಟ್ಟಿ ತಿರುವಿದೆ. ಅದರಲ್ಲಿ ಇರಲಿಲ್ಲ. ಡಿಪ್ಲೊಮಾದಲ್ಲಿ ಓದಿದ್ದೆನೇ ಎಂದು ನೆನಪು ಮಾಡಿಕೊಂಡೆ. ಹತ್ತುತ್ತದೆ ಎಂದು ಗೊತ್ತಿತ್ತು. ಯಾಕೆ ಎಂದು ನಾನೂ ಯಾರನ್ನೂ ಕೇಳಿರಲಿಲ್ಲ. ಏನಾದರೂ ಹೇಳಿ ಬಾಯಿ ಮುಚ್ಚಿಸಬಹುದಿತ್ತು. ಅವರ ಕಣ್ಣು ಮೊದಲ ಸಲ ಕ್ಯಾಲೆಂಡರ್ ಬಿಟ್ಟು ನನ್ನ ಮೇಲಿತ್ತು.

"ಗೊತ್ತಿಲ್ಲ," ಅಂದೆ.

ಅವರು ಕಾಗದವನ್ನು ನನ್ನ ಕಡೆ ವಾಪಸ್ ತಳ್ಳಿದರು. "ಹಂಗಾದ್ರೆ ಕಲ್ಸ್ದೆ ಅಂತ ನೀನೂ ಸಹಿ ಹಾಕ್ಬ್ಯಾಡ. ಕಲ್ತೆ ಅಂತ ನಾನೂ ಹಾಕಾಕಿಲ್ಲ. ಓದಕ್ಕೆ ನಂಗೂ ಬತ್ತದೆ." ಕುರ್ಚಿ ಹಿಂದೆ ತಳ್ಳಿ ಎದ್ದು ಹೋದರು.

ಮಾಲೀಕರು ನನ್ನನ್ನು ಬೈದರು, ಅವರನ್ನೂ ಬೈದರು. ಸುಮ್ಮನೆ ಎರಡು ಸಹಿ ಹಾಕಿ ಎಂದರು. ಇಬ್ಬರೂ ಹಾಕಲಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ನಾವಿಬ್ಬರೂ ಒಂದೇ ಕಡೆ ಇದ್ದೆವು, ಒಬ್ಬರ ಮುಖ ಇನ್ನೊಬ್ಬರು ನೋಡದೆ.

ಬುಧವಾರ ಇನ್‌ಸ್ಪೆಕ್ಟರಿಗೆ ಫೋನ್ ಮಾಡಿ ಕೇಳಿದೆ. ಅವರು ನಕ್ಕು, ಯಾಕಮ್ಮ ಇದೆಲ್ಲ, ನಿಯಮ ಪಾಲಿಸಿದರೆ ಸಾಕಲ್ಲ ಎಂದರು. ಇಲ್ಲಿ ಒಬ್ಬರು ಕೇಳಿದ್ದಾರೆ ಎಂದೆ. ಇಪ್ಪತ್ತೆರಡು ನಿಮಿಷ ಹೇಳಿದರು. ಒಂದೂವರೆ ಪುಟ ಬರೆದುಕೊಂಡೆ. ಶುಕ್ರವಾರ ಬೆಳಿಗ್ಗೆ ಅದನ್ನು ಹಿಡಿದು ಮೇಸ್ತ್ರಿಯ ಹತ್ತಿರ ಹೋದೆ. ಅವರನ್ನು ಈಗ ಸಣ್ಣ ಲೇತಿಗೆ, ಕಾರಿನ ಬುಷ್ ಕೆಲಸಕ್ಕೆ ಹಾಕಿದ್ದರು. ಅವರು ಯಂತ್ರ ನಿಲ್ಲಿಸಲಿಲ್ಲ. ನಾನು ಸದ್ದಿನ ಮೇಲೆ ಗಂಟಲು ಏರಿಸಿ ಹೇಳಿದೆ.

ಬೆಂಕಿಗೆ ಬೇಕಾದ್ದು ಮೂರು, ಉರಿಯುವ ವಸ್ತು, ಆಮ್ಲಜನಕ, ಮೊದಲ ಕಿಡಿ. ನಮ್ಮ ಸುತ್ತಲಿನ ಗಾಳಿಯಲ್ಲಿ ಆಮ್ಲಜನಕ ಐದರಲ್ಲೊಂದು ಪಾಲು ಮಾತ್ರ, ಅಷ್ಟಕ್ಕೇ ಒಲೆ ಉರಿಯುತ್ತದೆ. ಕೊಳವೆಯೊಳಗೆ ಇರುವುದು ಬರೀ ಆಮ್ಲಜನಕ, ಅದೂ ಒತ್ತಾಗಿ ತುಂಬಿದ್ದು. ಅರಗು ಉರಿಯುವ ವಸ್ತು. ಇನ್ನು ಬೇಕಾದ್ದು ಒಂದು ಸಣ್ಣ ಪೆಟ್ಟು. ವಾಲ್ವ್ ರಪ್ಪನೆ ಮುಚ್ಚಿದರೆ, ಮುಳ್ಳೊಂದು ಹಾರಿ ಗೋಡೆಗೆ ಬಡಿದರೆ, ತಾಗಿದ ಆ ಒಂದು ಚುಕ್ಕೆಯಷ್ಟು ಜಾಗ ಅರೆಕ್ಷಣ ಬಿಸಿಯಾಗುತ್ತದೆ. ಸುತ್ತಲಿನ ಚಳಿ ಅಲ್ಲಿಗೆ ತಲುಪುವ ಮೊದಲೇ ಅರಗು ಹತ್ತಿಕೊಂಡಿರುತ್ತದೆ. ಒಮ್ಮೆ ಹತ್ತಿದರೆ ಉಕ್ಕೂ ಉರಿಯುತ್ತದೆ.

"ಉಕ್ಕಾ?" ಅಂದರು ಅವರು, ತಲೆ ಎತ್ತದೆ.

"ಉಕ್ಕೇ. ಸೌದೆಯಂಗೆ."

ಅವರು ಬುಷ್ಶಿನ ಕಟ್ ಮುಗಿಸಿದರು. ಲೇತು ನಿಂತಿತು. ಜೇಬಿನಿಂದ ಗರಿ ತೆಗೆದರು. ಒಂದು ಕ್ಷಣ ಅದನ್ನು ಹೊರಗೆ ಎಸೆಯುತ್ತಾರೆಂದುಕೊಂಡೆ. ಬುಷ್ಶಿಗೆ ಒತ್ತಿ ಹೊಳಪು ಬರಿಸಿ, ಮತ್ತೆ ಜೇಬಿಗೆ ಇಟ್ಟುಕೊಂಡರು. ಕಾರಿನ ಬುಷ್ಶಿಗೆ ಅಡ್ಡಿಯಿಲ್ಲವಲ್ಲ.

"ಕಾಗ್ದ ಎಲ್ಲೈತೆ?"

ಕೊಟ್ಟೆ. ಲೇತಿನ ಹಾಸಿನ ಮೇಲಿಟ್ಟು ಸಹಿ ಹಾಕಿದರು. ಎಣ್ಣೆಯ ಹೆಬ್ಬೆಟ್ಟಿನ ಗುರುತು ಸಹಿಯ ಪಕ್ಕದಲ್ಲಿ ಬಿತ್ತು.

"ನೀನು ಕಲ್ಸ್ದೆ ಅಂತಲ್ಲ," ಅಂದರು. "ಗೊತ್ತಿಲ್ಲ ಅಂದೆಯಲ್ಲ, ಅದ್ಕೆ. ಇನ್ನು ಹೋಗು, ಬೆಳಕಿಗ್ ಅಡ್ಡ ನಿಂತಿದ್ದೀಯ."

ಕಾಗದವನ್ನು ಆ ದಿನವೇ ಕಳಿಸಿದೆ. ಗ್ರಾಹಕರಿಂದ ಒಪ್ಪಿಗೆ ಬರಲು ಮೂವತ್ತೊಂದು ದಿನ ಹಿಡಿಯಿತು. ಅಷ್ಟರಲ್ಲಿ ಕನಕಪುರದವನ ಕೈಯಲ್ಲಿ ಇನ್ನೂ ಮೂರು ಉಂಗುರ ಹಾಳಾದವು. ಮೇಸ್ತ್ರಿ ಸಣ್ಣ ಲೇತಿನ ಬಳಿಯಿಂದಲೇ ನೋಡುತ್ತಿದ್ದರು. ಒಪ್ಪಿಗೆ ಬಂದ ಬೆಳಿಗ್ಗೆ ಅವರು ದೊಡ್ಡ ಲೇತಿಗೆ ಹಿಂದಿರುಗಿದರು. ಗರಿ ಜೇಬಿನಲ್ಲಿದ್ದಂತೆಯೇ ಅಂಗಿಯನ್ನು ಬಿಚ್ಚಿ ಸಣ್ಣ ಲೇತಿನ ಮೊಳೆಗೆ ತೂಗುಹಾಕಿ, ಬನಿಯನ್ನಿನ ಮೇಲೆ ಕಂಪನಿಯ ಬಿಳಿ ಕೋಟು ತೊಟ್ಟುಕೊಂಡು, ಎರಡೂ ಕೈಗೆ ಕೈಗವಸು ಏರಿಸಿದರು. ಮಧ್ಯಾಹ್ನ ಬಂದ ಉಂಗುರದ ಮುಖ ಮಿತಿಯ ನಡುವೆ ಇತ್ತು, ಅಂಚಿನಲ್ಲಿ ಮುಳ್ಳಿರಲಿಲ್ಲ, ಬಟ್ಟೆ ಬಿಳಿಯಾಗಿಯೇ ಉಳಿಯಿತು. ಅಂಚಿಗೆ ಏನು ಮಾಡಿದಿರಿ ಎಂದು ಕೇಳಿದೆ. ಅವರು ಮುಂದಿನ ಉಂಗುರವನ್ನು ಲೇತಿಗೆ ಏರಿಸತೊಡಗಿದರು.